ನೆತ್ತಿಯ ತೊಲೆ ಏರಿದ ಶನಿವಾರ

"ಚಹಾಕ್ಕೆ ಸಕ್ಕರೆ ಜಾಸ್ತಿ ಆಯ್ತು, ಲಾಸ್ಮಿನಿ."

"ಹಾಗಾದ್ರೆ ವಾಪಸ್ ಕೊಡು. ಕುಡಿಯೋರು ಇನ್ನೂ ನಲವತ್ತು ಜನ ಇದ್ದಾರೆ."

ಕೊಡಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಅಂಚಿನ ಮೇಲಿಂದ ನನ್ನನ್ನೇ ನೋಡಿದ. ಏಳು ತಿಂಗಳಿಂದ ಮಾರ್ಸೂದಿ ಹೀಗೇ ನೋಡುತ್ತಿದ್ದಾನೆ. ಮೊದಮೊದಲು ನನ್ನ ಎದೆ ಹಾರುತ್ತಿತ್ತು. ಈಗ ಹಾರುವುದಕ್ಕೂ ಅದಕ್ಕೆ ಸುಸ್ತು.

ಭೂಕಂಪದಲ್ಲಿ ನಮ್ಮೂರ ಹಳೇ ಚರ್ಚು ಗೋಪುರದ ಸಮೇತ ಕುಸಿದಿತ್ತು. ಹೊಸದಕ್ಕೆ ಗೋಪುರ ಬೇಡ, ನಮ್ಮ ಜಾವಾದ ಹಿರಿಯರ ಮನೆಗಳ ಹಾಗೇ ಇರಲಿ ಎಂದರು ಪಾದ್ರಿ ರೊಮೊ ಹರ್ಜಾನ. ನಡುವೆ ತೇಗದ ನಾಲ್ಕು ಕಂಬ, ಅವುಗಳ ಮಧ್ಯೆ ಬಲಿಪೀಠ, ಸುತ್ತ ಗೋಡೆಯೇ ಇಲ್ಲ. ಯೇಸು ಬಾಟಿಕ್ ಬಟ್ಟೆ ಉಟ್ಟು ನಮ್ಮ ರಾಜರ ಹಾಗೆ ಕೂತಿರುತ್ತಾನೆ. ಅಂಥ ಚಾವಣಿ ಕಟ್ಟಬಲ್ಲ ಬಡಗಿ ಮಾರ್ಸೂದಿ ಒಬ್ಬನೇ. ಹಾಗಾಗಿ ಹತ್ತೊಂಬತ್ತು ವರ್ಷದ ಮೇಲೆ ಊರಿಗೆ ಬಂದ. ನನ್ನ ಗ್ರಹಚಾರಕ್ಕೆ ಆಳುಗಳ ಅಡುಗೆ ನನ್ನ ತಲೆಗೇ ಬಿತ್ತು.

ನಾನು ಹುಟ್ಟಿದ್ದು ವಾಗೆ ದಿನ, ಅವನು ಪಾಹಿಂಗ್. ಐದು ದಿನದ ನಮ್ಮ ಜಾವಾ ವಾರದಲ್ಲಿ ಈ ಎರಡೂ ಎಣ್ಣೆ-ಸೀಗೆಕಾಯಿ. ಆಗ ನಮ್ಮ ಮದುವೆಯ ಮಾತೆದ್ದಿತ್ತು. ಭಾನುವಾರ ತಪ್ಪದೆ ಪೂಜೆಗೆ ಬರುತ್ತಿದ್ದ ಅವನಮ್ಮ ಸೋಮವಾರ ಲೆಕ್ಕ ಹಾಕಿ, ಈ ಸಂಬಂಧ ಬೇಡ ಎಂದಳು. ಅವನು ಹೂಂ ಎಂದು ತಲೆಯಾಡಿಸಿದ. ದಿನ ಹೊಂದಿದ ಹುಡುಗಿಯನ್ನೇ ಕಟ್ಟಿಕೊಂಡ. ಪಾಪ, ಅವಳು ನಾಲ್ಕೇ ವರ್ಷಕ್ಕೆ ತೀರಿಕೊಂಡಳು. ನಾನು ಯಾರನ್ನೂ ಕಟ್ಟಿಕೊಳ್ಳಲಿಲ್ಲ.

ಚಾವಣಿಯ ನೆತ್ತಿಯ ತೊಲೆ ಏರಿದರೆ ಅವನ ಕೆಲಸ ಮುಗಿಯಿತು, ಸೋಲೋ ಊರಿನ ಹೊಸ ಕೆಲಸಕ್ಕೆ ಹೊರಟುಬಿಡುತ್ತಾನೆ. ಅಷ್ಟರೊಳಗೆ ಬಾಯಿ ಬಿಡುತ್ತಾನಾ ಎಂದು ನಾನು ದಿನಾ ಅನ್ನ ಬೇಯಿಸುತ್ತ ಕಾಯುತ್ತಿದ್ದೆ.

ತೊಲೆ ಏರಿಸಲು ಬಿಷಪ್ಪರು ಕೊಟ್ಟ ಶನಿವಾರ ಮಾರ್ಸೂದಿಯ ಲೆಕ್ಕದಲ್ಲಿ ಕೆಟ್ಟ ದಿನ.

"ಅವತ್ತು ಏರಿಸಿದ್ರೆ ಚಾವಣಿ ನಿಲ್ಲಲ್ಲ, ರೊಮೊ."

"ಬಿಷಪ್ಪರ ಡೈರಿಯಲ್ಲಿ ಬೇರೆ ದಿನ ಇಲ್ಲ ಮಾರಾಯ. ಏನಾದ್ರೂ ಪರಿಹಾರ ಇರುತ್ತಲ್ಲ?"

ಇತ್ತು. ಹಳದಿ ಅನ್ನವನ್ನು ಗುಡ್ಡದ ಹಾಗೆ ಒಟ್ಟಿ ಊರಿಗೆಲ್ಲ ಹಂಚಿದೆವು. ತೊಲೆಗೆ ಬಾಳೆಗೊನೆ, ತೆಂಗಿನಕಾಯಿ, ಭತ್ತದ ತೆನೆ ಕಟ್ಟಿದರು. ಬಿಷಪ್ಪರು ಪವಿತ್ರ ಜಲ ಚಿಮುಕಿಸಿದರು, ಗಮೆಲಾನ್ ಜಾಗಟೆಗಳು ಮೊಳಗಿದವು. ತೊಲೆ ಮೇಲೇರಿ ತನ್ನ ಜಾಗದಲ್ಲಿ ಕೂತಿತು, ಕಿರ್ ಎನ್ನಲೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಅಳು ಬಂತು.

ಸಂಜೆ ಪಾತ್ರೆ ತೊಳೆಯುತ್ತಿದ್ದೆ. ಮಾರ್ಸೂದಿ ಪಕ್ಕದಲ್ಲಿ ಬಂದು ನಿಂತ.

"ಚೀಲ ಕಟ್ಟಾಯ್ತಾ?" ಎಂದೆ.

"ಹ್ಞೂಂ."

"ತೊಲೆಗೆ ಪರಿಹಾರ ಇತ್ತಲ್ಲ ಮಾರ್ಸೂದಿ, ನಂಗೆ ಇರ್ಲಿಲ್ವಾ?"

ತೊಳೆದಿಟ್ಟ ಲೋಟವೊಂದನ್ನು ಎತ್ತಿ, ಮಗುಚಿಟ್ಟ.

"ಇತ್ತು," ಎಂದ. "ಆಗ್ಲೂ ಗೊತ್ತಿತ್ತು. ಅಮ್ಮನ ಎದುರು ಬಾಯೇ ಬರ್ಲಿಲ್ಲ. ನಾನು ಹೆದರಿದ್ದು ದಿನಕ್ಕಲ್ಲ, ಅಮ್ಮನಿಗೆ."

ಇಷ್ಟು ವರ್ಷ ನಾನು ಹುಟ್ಟಿದ ದಿನವನ್ನೇ ಶಪಿಸಿಕೊಂಡಿದ್ದೆ! ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಮಂಡಿ ನೋಯುತ್ತಿತ್ತು, ಅವನ ಕಿವಿಯ ಹತ್ತಿರ ಕೂದಲು ನೆರೆತಿತ್ತು, ನನಗೆ ಅವನು ಬೇಕಾಗಿದ್ದ.

"ಈಗ ಕೇಳ್ಲಾ?"

"ಕೇಳೋದಾದ್ರೆ ಕೂತ್ಕೊಂಡು ಕೇಳು. ಕತ್ತೆತ್ತಿ ನೋಡೋಕೆ ನನ್ನ ಕೈಲಾಗಲ್ಲ."

ಒದ್ದೆ ನೆಲದ ಮೇಲೆಯೇ ಕೂತ. "ನನ್ನ ಮದ್ವೆ ಆಗ್ತೀಯಾ, ಲಾಸ್ಮಿನಿ?"

"ಆಗ್ತೀನಿ. ನಾಳೆ ಪೂಜೆ ಮುಗಿದ ಮೇಲೆ ರೊಮೊಗೆ ನೀನೇ ಹೇಳ್ಬೇಕು."

ನಾಳೆ ಎಂದದ್ದೇ ತಡ, ಅವನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಬೆರಳ ಗೆಣ್ಣುಗಳನ್ನು ಎಣಿಸತೊಡಗಿತು. ಒಂದು, ಎರಡು... ಸೋಪಿನ ಕೈಯಲ್ಲೇ ಆ ಕೈಯನ್ನು ಹಿಡಿದು, ಮಡಚಿ ಮುಷ್ಟಿ ಮಾಡಿಬಿಟ್ಟೆ.