ರೊಟ್ಟಿ ತಿನ್ನುವ ಸಾರಂಗ

ನಾಳೆ ಸಂಜೆಯೊಳಗೆ ಮೇವು ಸಿಗಬೇಕು. ಸಿಗದಿದ್ದರೆ ಮುನ್ನೂರು ಹಿಮಸಾರಂಗಗಳನ್ನು ಹೊಡೆದುಕೊಂಡು ಆರು ದಿನದ ದಾರಿ, ದಕ್ಷಿಣದ ಕಾಡಿಗೆ ಹೋಗಬೇಕು. ಮರಿಗಳಲ್ಲಿ ಅರ್ಧಕ್ಕರ್ಧ ದಾರಿಯಲ್ಲೇ ಬಿದ್ದು ಸಾಯುತ್ತವೆ ಎಂದು ಖದ್ನೆಯ ಮಾವ ಮೊದಲೇ ಹೇಳಿದ್ದರು.

ಚಳಿಗಾಲದ ಬಾಯಲ್ಲಿ ಮಳೆ ಬಿದ್ದದ್ದೇ ಕೇಡಾಗಿತ್ತು. ನೀರು ಹಿಮದೊಳಗೆ ಇಳಿದು ಗಾಜಿನಂತೆ ಹೆಪ್ಪುಗಟ್ಟಿತ್ತು. ಅದರಡಿಯಲ್ಲಿ ಸಾರಂಗಗಳ ಮೇವಾದ ಕಲ್ಲುಹೂವಿನ ಮೆತ್ತೆ ಹಾಗೆಯೇ ಇತ್ತು, ಆದರೆ ಬಾಯಿಗೆ ಎಟುಕುತ್ತಿರಲಿಲ್ಲ. ಕೆರೆದು ಕೆರೆದು ಸಾರಂಗಗಳ ಮುಂಗಾಲಲ್ಲಿ ರಕ್ತ ಒಸರುತ್ತಿತ್ತು.

ಗುಡ್ಡದ ಕಡೆ ನೋಡೋಣ ಎಂದವಳು ಖದ್ನೆ. ಹಿಮಕೋಳಿಯೊಂದನ್ನು ಕುಯ್ಯುವಾಗ ಅದರ ಗಂಟಲ ಚೀಲದಲ್ಲಿ ಕಪ್ಪು ಹಣ್ಣುಗಳು ಸಿಕ್ಕಿದ್ದವು. ಅವು ಗುಡ್ಡದ ಮೇಲೆ ಮಾತ್ರ ನೆಲಕ್ಕಂಟಿ ಬೆಳೆಯುವಂಥವು.

"ಕೋಳಿ ಕೆರೆದು ತಿಂದಿದೆ ಅಂದ್ರೆ ಎಲ್ಲೋ ಹಿಮ ಮೆತ್ತಗಿದೆ ಮಾವ. ಇವು ಬಂದದ್ದು ಗುಡ್ಡದಿಂದ."

ಮಾವ ಹೊಗೆಸೊಪ್ಪಿನ ಕೊಳವೆಯ ಬೂದಿ ಕೊಡವಿದರು. "ಯೆಯ್ಕೊನ ಕರ್ಕೊಂಡು ಹೋಗು."

ಯೆಯ್ಕೊ ಅವಳ ಮೈದುನ. ಎರಡು ಜಾರುಬಂಡಿಗಳು ಹೊರಟವು. ಖದ್ನೆಯ ಬಂಡಿ ಎಳೆಯುವ ಮುಂದಾಳು ಸಾರಂಗ ಸೆರ್ಕೊ. ತಾಯಿ ಸತ್ತಿದ್ದ ಅದನ್ನು ಮರಿಯಿಂದಲೂ ಗುಡಾರದೊಳಗೆ ರೊಟ್ಟಿ, ಮೀನುಸಾರು ಕೊಟ್ಟು ಅವಳೇ ಸಾಕಿದ್ದಳು.

ದಾರಿಯುದ್ದಕ್ಕೂ ಬಯಲು ಕಂಚಿನ ತಟ್ಟೆಯಂತೆ ಮಿನುಗುತ್ತಿತ್ತು. ಕಾಲ್ಬೆರಳಿಗೂ ಪುಕ್ಕ ಹೊದ್ದ ಹಿಮಕೋಳಿಗಳು ಬಂಡಿಯ ಸದ್ದಿಗೆ ಚಿಮ್ಮಿ ಹಾರುತ್ತಿದ್ದವು. ಗಾಳಿಗೆ ತಲೆಯೆತ್ತಿದರೆ ಉಳಿಗಾಲವಿಲ್ಲವೆಂದು ತಿಳಿದ ಕುರುಚಲು ಗಿಡಗಳು ಅಜ್ಜನ ವಯಸ್ಸಾದರೂ ಮೊಣಕಾಲೆತ್ತರ ದಾಟದೆ ನೆಲ ತಬ್ಬಿಕೊಂಡಿದ್ದವು. ನರಿಯೊಂದು ಮಂಜುಗಡ್ಡೆಗೆ ಕಿವಿಯಿಟ್ಟು ಅಡಿಯಲ್ಲಿ ಓಡುವ ಇಲಿಯ ಸದ್ದು ಕೇಳಿ, ಹಾರಿ ಬಿದ್ದು, ಮೂತಿ ನೋಯಿಸಿಕೊಂಡು ಹೊರಟುಹೋಯಿತು.

ಗುಡ್ಡದ ಬುಡದಲ್ಲಿ ಕೊಂಬುಗಳ ರಾಶಿ. ಅದು ದೇವರ ಗುಡ್ಡ. ರಾಶಿಯಾಚೆ ಹೆಂಗಸರು ಕಾಲಿಡುವಂತಿಲ್ಲ.

ಯೆಯ್ಕೊ ಒಬ್ಬನೇ ಹತ್ತಿದ. ಹತ್ತು ಮಾರು ಹೋಗಿರಲಿಲ್ಲ, ಕಾಲು ಜಾರಿತು. ಉರುಳಿದ. ರಾಶಿಯ ಈಚೆಗೆ ಬಂದು ಬಿದ್ದ. ಮೊಣಕಾಲು ಉಳುಕಿತ್ತು.

"ಮುರಿದಿದ್ಯೇನೋ?"

"ಇಲ್ಲ ಅತ್ತಿಗೆ. ಆದ್ರೆ ಹತ್ತೋಕಾಗಲ್ಲ." ಆಮೇಲೆ ಮೆಲ್ಲಗೆ, "ನೀವು ಹೋಗಿ ಬನ್ನಿ. ನಾನ್ ಕಣ್ ಮುಚ್ಕೋತೀನಿ."

"ನೀನ್ ಮುಚ್ಕೊಂಡ್ರೆ ಸಾಕಾ? ಹೆಂಗಸು ತುಳಿದ ಗುಡ್ಡಕ್ಕೆ ಮಾವ ಮಂದೆ ಬಿಡ್ತಾರಾ? ಮೇವು ಕಂಡ್ರೂ ದಂಡ."

ಬೆಳಕು ಇನ್ನೊಂದು ಗಳಿಗೆ ಇರುವಂತಿತ್ತು. ಖದ್ನೆ ಸೆರ್ಕೊನ ಪಟ್ಟಿ ಬಿಚ್ಚಿದಳು. "ಇದೇ ಹತ್ತಿ ಮೇವು ಹುಡುಕ್ಲಿ."

"ಅದಾ? ರೊಟ್ಟಿ ತಿಂದ್ಕೊಂಡು ಬೆಳೆದದ್ದು. ಅದ್ಯಾವತ್ತು ಹಿಮ ಕೆರೆದಿದೆ ಅತ್ತಿಗೆ? ಕಾಡುಮಂದೆ ಸೇರ್ಕೊಂಡ್ರೆ ಮನೆಗೆ ಹೋಗೋಕೂ ದಾರಿ ತೋರೋರಿಲ್ಲ."

"ಬಾಯಿ ಮುಚ್ಚು."

ಸೆರ್ಕೊ ಅವಳ ಜೇಬು ಮೂಸಿತು. ಅವಳು ರೊಟ್ಟಿ ಕೊಡಲಿಲ್ಲ, ಸೊಂಟಕ್ಕೊಂದು ಏಟು ಕೊಟ್ಟಳು. ಅದು ತಿರುಗಿ ನೋಡುತ್ತ, ಅಗಲ ಗೊರಸು ಊರಿ ಹತ್ತಿತು. ಮಂಜು ಮುಸುಕಿತು. ನಡೆವಾಗ ಅದರ ಕಾಲಿನ ಕೀಲುಗಳಿಂದ ಬರುವ ಟಿಕ್ ಟಿಕ್ ಸದ್ದೂ ಕೇಳದಾಯಿತು.

ಕಾದರು. ಖದ್ನೆಯ ರೆಪ್ಪೆಗಳು ಹಿಮಗಟ್ಟಿ ಅಂಟಿಕೊಳ್ಳತೊಡಗಿದವು. ಎರಡು ಸಲ ಕೂಗಿದಳು. ಮೂರನೆಯ ಸಲ ಕೂಗುವ ಮೊದಲೇ ಮೇಲಿಂದ ಟಿಕ್ ಟಿಕ್ ಕೇಳಿತು.

ಸೆರ್ಕೊನ ಮುಖ ಕಣ್ಣಿನವರೆಗೆ ಪುಡಿಹಿಮದಲ್ಲಿ ಅದ್ದಿದಂತಿತ್ತು. ಖದ್ನೆ ಕೈಗವಸು ಕಳಚಿ ಮುಂಗಾಲು ಸವರಿದಳು. ರಕ್ತವಿಲ್ಲ. ಆಗ ಜೇಬಿನ ರೊಟ್ಟಿ ಚಾಚಿದಳು. ಸೆರ್ಕೊ ಮೂಸಿ, ಮುಖ ಆಚೆ ತಿರುಗಿಸಿ, ಮೆಲುಕು ಹಾಕತೊಡಗಿತು.

"ಹೊಟ್ಟೆ ತುಂಬಿದೆ ಕಣೋ," ಎಂದಳು ಖದ್ನೆ.

ಅಂದೇ ಹಿಂದಿರುಗಿದರು. ಮಾವ ಸೆರ್ಕೊನ ಬಾಯಿ ಬಿಡಿಸಿ ಹಲ್ಲಿನ ಸಂದಿಯಿಂದ ಕಲ್ಲುಹೂವಿನ ಎಳೆಯೊಂದನ್ನು ಎಳೆದು ನೋಡಿದರು. ಕಾಲು ಸವರಿದರು. "ಗುಡಾರ ಬಿಚ್ಚಿ," ಎಂದರು, ಅಷ್ಟೇ.

ಮರುದಿನ ಗಂಡಸರು ಮಂದೆಯನ್ನು ಗುಡ್ಡಕ್ಕೆ ಹತ್ತಿಸಿದರು. ಖದ್ನೆ ಕೊಂಬಿನ ರಾಶಿಯ ಈಚೆ ಗುಡಾರ ಹೂಡಿ, ನಿಂತು ನೋಡಿದಳು. ಇಳಿಜಾರಿನ ತುಂಬ ಸಾರಂಗಗಳು ತಲೆಯನ್ನು ಕತ್ತಿನವರೆಗೆ ಹಿಮದೊಳಗೆ ಹುದುಗಿಸಿ ಮೇಯುತ್ತಿದ್ದವು, ಬೆನ್ನು ಮಾತ್ರ ಕಾಣುತ್ತಿತ್ತು. ಮರಿಗಳು ತಾಯಂದಿರು ತೋಡಿದ ಗುಂಡಿಗಳಿಗೆ ನುಗ್ಗುತ್ತಿದ್ದವು.

ಒಳಗೆ ಬಂದು ಜೇಬಿನ ರೊಟ್ಟಿ ತೆಗೆದಳು. ಕಲ್ಲಾಗಿತ್ತು. ಚಹಾದಲ್ಲಿ ಅದ್ದಿದಳು.

"ಅದು ಸೆರ್ಕೊಂದಲ್ವಾ ಅತ್ತಿಗೆ?" ಎಂದ ಕಾಲು ಚಾಚಿ ಮಲಗಿದ್ದ ಯೆಯ್ಕೊ.

"ಬೇಡ ಅಂದ್ಬಿಟ್ತಲ್ಲ ಅದು," ಎಂದು ಖದ್ನೆ ಕಚ್ಚಿದಳು.