ಮಣ್ಣು ಬದಲಿಸಿದ ಹುಲಿಗೆವ್ವ

ಬಹಳ ಹಿಂದೆ, ಮಣ್ಣಿಗೆ ಇನ್ನೂ ಕಿವಿಯಿದ್ದ ಕಾಲದಲ್ಲಿ, ಕೆಂಪುಸೀಮೆ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಅರಸ ಒಂದು ಹಿಡಿ ಮಣ್ಣನ್ನು ಕೈಯಲ್ಲಿ ಹಿಡಿದು ಏನು ಹೇಳಿದರೂ ಸೀಮೆಯ ಮಣ್ಣೆಲ್ಲ ಅದನ್ನು ಕೇಳಿ ಹಾಗೆಯೇ ನಡೆಯುತ್ತಿತ್ತು. ಆ ಮಾತು ಒಳ್ಳೆಯದೋ ಕೆಟ್ಟದ್ದೋ ಎಂದು ಮಣ್ಣು ವಿಚಾರಿಸುತ್ತಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದಷ್ಟೇ ಅದಕ್ಕೆ ಗೊತ್ತಿತ್ತು.

ಆ ರಾಜ್ಯದಲ್ಲಿ ಕಂಬಳಿ ನೇಯುವವರ ಮನೆಯಲ್ಲಿ ಹುಟ್ಟಿದ ಹುಲಿಗೆವ್ವ ಎಂಬ ಪೈಲ್ವಾನಳಿದ್ದಳು. ಗರಡಿ ಮನೆಯ ಉಸ್ತಾದ ಫಕೀರಪ್ಪ ಅವಳನ್ನು ಚಿಕ್ಕಂದಿನಿಂದ ಪಳಗಿಸಿದ್ದ. ಬೆಳಗಾಗುವ ಮುಂಚೆ ಅವಳು ಕುಸ್ತಿ ಕಣದ ಮಟ್ಟಿಯನ್ನು ಅಗೆದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ, ಕೂಸಿನ ತೊಟ್ಟಿಲಿಗೆ ಹಾಸಿಗೆ ಹಾಸಿದಷ್ಟು ಮೆತ್ತಗೆ ಮಾಡುತ್ತಿದ್ದಳು. ಆಮೇಲೆ ಅದೇ ಮಣ್ಣಿನ ಮೇಲೆ ಎದುರಾಳಿಗಳನ್ನು ಅಂಗಾತ ಕೆಡವುತ್ತಿದ್ದಳು. ಯಾವ ಪಟ್ಟು ಬೇಕಾದರೂ ಹಾಕಬಹುದಾದ ಬಯಲು ಕುಸ್ತಿಯಲ್ಲಿ ಅವಳ ಬೆನ್ನಿಗೆ ಮಣ್ಣು ಹತ್ತಿಸಿದವರು ಯಾರೂ ಇರಲಿಲ್ಲ. ಅವಳು ಗೆದ್ದಾಗಲೆಲ್ಲ ಹಲಗೆ ಬಾರಿಸುವ ಯಮನೂರ "ಕೆಂಪುಸೀಮೆ ಹುಲಿಗೆವ್ವಾ!" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ಆ ಕೂಗು ಕೇಳಿದರೆ ಅವಳಿಗೆ ಊಟ ಬೇಡ, ನಿದ್ದೆ ಬೇಡ.

ಅರಸ ಗುಮ್ಮಟಭೂಪನಿಗೂ ಕುಸ್ತಿಯೆಂದರೆ ಪ್ರಾಣ. ತಾನು ಮಾತ್ರ ದಿಂಬಿಗೆ ಒರಗಿದವನು ಎದ್ದದ್ದಿಲ್ಲ. ಅಂಥ ಅರಸನ ಬಳಿಗೆ ಅದೇ ಸೀಮೆಯಲ್ಲಿ ಹುಟ್ಟಿದ ಕಮಟಯ್ಯ ಎಂಬ ಮಾಂತ್ರಿಕ ಬಂದ. ಅವನು ಎಲ್ಲಿ ಕೂತರೂ ಮಳೆಗಾಲದ ಗೋಣಿಚೀಲದ ವಾಸನೆ. ಆದರೆ ನಾಲಿಗೆ ಬೆಲ್ಲ. ನಾಲ್ಕು ದಿನದಲ್ಲಿ ಅವನೇ ಕುಸ್ತಿಗಳ ಮೇಲ್ವಿಚಾರಕನಾದ. ಅವನ ಮಾತು ಕೇಳಿ ಅರಸ ಒಂದು ಹಿಡಿ ಮಣ್ಣು ಹಿಡಿದು ಆಜ್ಞೆ ಮಾಡಿದ:

"ಕಮಟಯ್ಯನ ಬೂದಿ ಬೊಟ್ಟು ಹಣೆಯ ಮೇಲಿಲ್ಲದೆ ಕಣಕ್ಕಿಳಿದ ಕೆಂಪುಸೀಮೆಯವರು ಯಾರೇ ಆಗಲಿ, ಮಣ್ಣೇ, ಅವರ ಕಾಲು ಹಿಡಿ!"

ಪೈಲ್ವಾನರೆಲ್ಲ ಸಾಲುಗಟ್ಟಿ ನಿಂತು, ಮಂಡಿಯೂರಿ, ಬೊಟ್ಟು ಇಡಿಸಿಕೊಂಡರು. ಬೊಟ್ಟು ಇಡಿಸಿಕೊಂಡವರ ಬಲ ಬೂದಿಯ ದಾರಿಯಲ್ಲಿ ಕಮಟಯ್ಯನ ಮೈಗೆ ಇಳಿಯುತ್ತಿತ್ತು. ಗುಂಡುಕಲ್ಲನ್ನು ಹೆಗಲ ಮೇಲೆ ಕುಣಿಸುತ್ತಿದ್ದವರು ಕೊಡ ನೀರು ಎತ್ತಲು ಏದುಸಿರು ಬಿಡತೊಡಗಿದರು. ಕಮಟಯ್ಯ ದಿನದಿನಕ್ಕೆ ಉಬ್ಬಿದ.

ಹುಲಿಗೆವ್ವ ಮಾತ್ರ ಸಾಲಿನಲ್ಲಿ ನಿಲ್ಲಲಿಲ್ಲ.

"ನನ್ನ ತಲಿ ಉಸ್ತಾದರ ಪಾದಕ್ಕ ಬಾಗತೈತಿ, ಮಟ್ಟಿಗೆ ಬಾಗತೈತಿ," ಎಂದಳು. "ನಿನ್ನ ಬೂದಿಗೆ ಬಾಗಾಂಗಿಲ್ಲ. ಏನ್ ಮಾಡ್ಕೊಂತಿ ಮಾಡ್ಕೊ."

ಹಾಗೆಂದು ಕಣಕ್ಕೆ ಇಳಿದಳು. ಮಣ್ಣು ಅವಳ ಎರಡೂ ಪಾದಗಳನ್ನು ಹಿಡಿದುಕೊಂಡಿತು. ದಿನಾ ಬೆಳಿಗ್ಗೆ ಅವಳೇ ಅಗೆದು ಮೆತ್ತಗೆ ಮಾಡಿದ್ದ ಮಣ್ಣು! ಎಷ್ಟು ಜಗ್ಗಿದರೂ ಕಾಲು ಬರಲಿಲ್ಲ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕೊನೆಗೆ ಉಸ್ತಾದ ಗುದ್ದಲಿ ತಂದು, ಕಣದ ಅಂಚಿನಿಂದಲೇ ಸುತ್ತ ಅಗೆದು, ಅವಳನ್ನು ಹೊರಕ್ಕೆ ಎಳೆದುಕೊಂಡ.

"ಬೊಟ್ಟು ಹಚ್ಚಿಸ್ಕೊಂಡ್ರ ಬಲ ಹೋಗತೈತಿ, ಬಿಟ್ರ ಕುಸ್ತಿ ಹೋಗತೈತಿ," ಎಂದಳು ಹುಲಿಗೆವ್ವ. "ಕುಸ್ತಿ ಬಿಟ್ಟು ನಾ ಬದುಕಾಕಿ ಅಲ್ಲ ಉಸ್ತಾದ್ರ. ಹೊಳಿ ದಾಟಿ ಎರೆಸೀಮೆಗೆ ಹೋಕ್ಕೀನಿ. ಅಲ್ಲಿ ಮಣ್ಣು ಹಚ್ಕೊಂಡು ಆಡ್ತೀನಿ."

ಎರೆಸೀಮೆ ಎಂದರೆ ಹೊಳೆಯಾಚೆಯ ಕಪ್ಪು ಮಣ್ಣಿನ ರಾಜ್ಯ. ಕೆಂಪುಸೀಮೆಗೂ ಅದಕ್ಕೂ ಪ್ರತಿವರ್ಷ ಕುಸ್ತಿ.

"ಮಂದಿ ಉಗೀತಾರ ಮಗಳ," ಎಂದ ಉಸ್ತಾದ.

"ಉಗೀಲಿ. ಒರೆಸ್ಕೊಂತೀನಿ."

"ನಾಳೆ ನಮ್ಮ ಹುಡುಗ್ರನ್ನ ಕೆಡವೂದು ಬಂದ್ರ?"

"ಕೆಡವ್ತೀನಿ. ನೀವ ಕಲಿಸಿದ್ದು."

ಫಕೀರಪ್ಪನಿಗೆ ಸಂಕಟವಾಯಿತು, ನಗುವೂ ಬಂತು. ಗರಡಿ ಬಿಟ್ಟು ಹೋಗುವವರು ಕೊನೆಯದಾಗಿ ಒಮ್ಮೆ ಮಟ್ಟಿ ಅಗೆದು ಹೋಗಬೇಕೆಂಬ ರೂಢಿ. ಹುಲಿಗೆವ್ವ ಕಣದ ಹೊರಗೇ ನಿಂತು, ಕೈ ಚಾಚಿ, ಅಂಚಿನಿಂದ ಅಂಚಿಗೆ ಅಗೆದಳು. ಗುದ್ದಲಿಯನ್ನು ತೊಳೆದು ಗೋಡೆಗೆ ಒರಗಿಸಿದಳು. ಹಿಂದಿರುಗಿ ನೋಡದೆ ಹೊರಟಳು.

ಹೊಳೆ ದಾಟಿದ ಕೂಡಲೇ ಎರೆಹೊಲ. ಬಿಸಿಲಿಗೆ ನೆಲವೆಲ್ಲ ಬಾಯಿ ಬಿಟ್ಟಿತ್ತು. ಅವು ಬರಿಯ ಬಿರುಕುಗಳಲ್ಲ, ಮಾತಾಡುವ ಬಾಯಿಗಳು.

"ದ್ರೋಹಿ!" ಎಂದಿತು ಒಂದು ಬಿರುಕು.

"ಹೌದು ಅನ್ಕೊ," ಎಂದು ಹುಲಿಗೆವ್ವ ದಾಟಿದಳು.

"ಹೆತ್ತ ನೆಲ ಬಿಟ್ಟಾಕಿ!" ಎಂದಿತು ಇನ್ನೊಂದು.

"ನೆಲ ನನ್ನ ಕಾಲು ಹಿಡದಿತ್ತು. ಕಿತ್ಕೊಂಡು ಬಂದೀನಿ," ಎಂದು ದಾಟಿದಳು.

"ಇಲ್ಲಿ ನಿನ್ನ ಯಾರು ಕೇಳ್ತಾರ?" ಎಂದಿತು ಎಲ್ಲಕ್ಕಿಂತ ದೊಡ್ಡ ಬಿರುಕು.

ಈ ಮಾತು ಮಾತ್ರ ಅವಳ ಎದೆಗೆ ತಾಗಿತು. ಅವಳು ಸ್ವಲ್ಪ ನಿಂತಳು. "ಯಾರೂ ಕೇಳದಿದ್ರ ನಾನ ಹೇಳ್ತೀನಿ," ಎಂದು ಜಿಗಿದು ದಾಟಿದಳು. ಬಿರುಕುಗಳೆಲ್ಲ ಬಾಯಿ ಮುಚ್ಚಿಕೊಂಡವು. ಇದು ಮೊದಲನೆಯ ಪರೀಕ್ಷೆ.

ಕೋಟೆಯ ಬಾಗಿಲಲ್ಲಿ ಕರಿಮಣ್ಣಿನಿಂದ ಮಾಡಿದ ಎತ್ತೊಂದು ಮಲಗಿತ್ತು. ಮಕ್ಕಳು ಅಮಾವಾಸ್ಯೆಗೆ ಮಾಡಿ ಪೂಜಿಸುವ ಮಣ್ಣೆತ್ತಿನ ಹಾಗೆಯೇ, ಆದರೆ ಮನೆಯಷ್ಟು ದೊಡ್ಡದು. ಅದು ಎದ್ದು ಮೈ ಕೊಡವಿತು.

"ನನ್ನನ್ನು ಕೆಡವಿದವರು ಈ ಮಣ್ಣಿನವರು," ಎಂದಿತು.

ಹುಲಿಗೆವ್ವ ಕೊಂಬು ಹಿಡಿದಳು, ಕೊಂಬು ಮುರಿದು ಮತ್ತೆ ಮೂಡಿತು. ಕಾಲಿಗೆ ಕಾಲು ಹಾಕಿದಳು, ಕಾಲು ಪುಡಿಯಾಗಿ ಮತ್ತೆ ಕೂಡಿತು. ಒಣಮಣ್ಣಿನ ಜೊತೆ ಪಟ್ಟು ನಡೆಯುವುದಿಲ್ಲವೆಂದು ಅವಳಿಗೆ ಗೊತ್ತಾಯಿತು. ಮಟ್ಟಿ ಹದ ಮಾಡಿದ ಕೈಯಲ್ಲವೇ? ಅವಳು ಎತ್ತಿನ ಕೊರಳನ್ನು ತಬ್ಬಿ ಹಿಡಿದಳು. ಅದು ಎಳೆದಾಡಿತು, ಗೋಡೆಗೆ ಗುದ್ದಿತು, ಬಯಲೆಲ್ಲ ಓಡಿತು. ಅವಳು ಬಿಡಲಿಲ್ಲ. ಅವಳ ಬೆವರು ಧಾರಾಕಾರವಾಗಿ ಇಳಿದು ಎತ್ತಿನ ಕೊರಳು ನೆನೆಯಿತು, ಎದೆ ನೆನೆಯಿತು, ಮುಂಗಾಲು ನೆನೆದು ಬಾಗಿತು. ಎತ್ತು ಮೆಲ್ಲಗೆ ಕೂತು, ಹೊರಳಿ, ಬೆನ್ನನ್ನು ನೆಲಕ್ಕೆ ಹಚ್ಚಿತು.

ಇದನ್ನೆಲ್ಲ ಕೋಟೆಯ ಮೇಲಿಂದ ನೋಡುತ್ತಿದ್ದ ಎರೆಸೀಮೆಯ ರಾಣಿ ಎಲ್ಲಾಂಬೆ ತಾನೇ ಕೆಳಗಿಳಿದು ಬಂದಳು. ಅದೇ ಎತ್ತಿನ ಮೈಯಿಂದ ಹಸಿಮಣ್ಣು ತೆಗೆದು ಹುಲಿಗೆವ್ವನ ಹಣೆಗೆ ಹಚ್ಚಿದಳು.

"ಇವತ್ತಿನಿಂದ ನೀ ನಮ್ಮಾಕಿ," ಎಂದಳು. "ನಿನ್ನ ಬಲ ನಿನಗ ಇರಲಿ ತಂಗಿ. ನೀ ಆಡೂದು ನೋಡಿದ್ರ ನಮಗ ಸಾಕು."

ಸುದ್ದಿ ಕೆಂಪುಸೀಮೆಗೆ ಮುಟ್ಟಿತು. ಮಂದಿ ಬೀದಿಯಲ್ಲಿ ನಿಂತು ಥೂ ಎಂದರು. ನಿನ್ನೆ ಅವಳನ್ನು ಹೆಗಲ ಮೇಲೆ ಹೊತ್ತವರೇ ಎಲ್ಲರಿಗಿಂತ ದೂರಕ್ಕೆ ಉಗಿದರು. ಕಮಟಯ್ಯನಿಗಂತೂ ಮೈಯೆಲ್ಲ ಉರಿ. ಅವನು ಅರಸನ ಕೈಗೆ ಮಣ್ಣು ಕೊಟ್ಟು ಹೇಳಿಸಿದ:

"ಹುಲಿಗೆವ್ವ ಇನ್ನು ಕೆಂಪುಸೀಮೆಯವಳಲ್ಲ. ಮಣ್ಣೇ, ಅವಳನ್ನು ಮರೆತುಬಿಡು!"

ಅರಸ ಆ ಮಣ್ಣನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಮಣ್ಣು ಕೇಳಿತು. ಹೇಳಿದ ಹಾಗೆಯೇ ಮಾಡಿತು.

ಆ ಆಜ್ಞೆಯ ಸುದ್ದಿ ಹೊಳೆ ದಾಟಿ ಹುಲಿಗೆವ್ವನ ಕಿವಿಗೂ ಬಿತ್ತು. ಇತ್ತ ಎರೆಸೀಮೆಯಲ್ಲಿ ಅವಳು ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. ಎರೆಮಣ್ಣು ಹಸಿಯಾದರೆ ಕಾಲಿಗೆ ಅಂಟುತ್ತದೆ, ಒಣಗಿದರೆ ಮೈ ಸೀಳುತ್ತದೆ. ಅವಳು ಹೊಳೆಯ ಮರಳು ಹೊತ್ತು ತಂದು ಬೆರೆಸಿದಳು, ಎಣ್ಣೆ ಮಜ್ಜಿಗೆ ಹೆಚ್ಚಿಗೆ ಹಾಕಿದಳು, ಬಿದ್ದಳು, ಎದ್ದಳು. ಒಮ್ಮೊಮ್ಮೆ ಹೊಳೆಯಾಚೆಯಿಂದ ಹಲಗೆ ಸದ್ದು ಕೇಳಿದರೆ ಅವಳ ಕೈಯ ಗುದ್ದಲಿ ನಿಂತುಬಿಡುತ್ತಿತ್ತು. ಆಮೇಲೆ ಮೊದಲಿಗಿಂತ ಜೋರಾಗಿ ಅಗೆಯುತ್ತಿದ್ದಳು.

ವರ್ಷದ ಕುಸ್ತಿ ಬಂತು. ಅದು ಹೊಳೆಯ ನಡುಗಡ್ಡೆಯಲ್ಲಿ ನಡೆಯುತ್ತಿತ್ತು. ಎರಡೂ ರಾಜ್ಯದವರು ತಂತಮ್ಮ ಮಣ್ಣು ತಂದು ಬೆರೆಸಿ ಕಣ ಹಾಸುವುದು ಹಿರಿಯರಿಂದ ಬಂದ ಪದ್ಧತಿ. ಕೆಂಪುಸೀಮೆಯ ಕಡೆಯಿಂದ ಕಮಟಯ್ಯ ಒಬ್ಬ ದೈತ್ಯನನ್ನು ಕರೆತಂದಿದ್ದ. ಅವನು ಮನುಷ್ಯನಲ್ಲ. ಕೆಂಪುಸೀಮೆಯ ಹುತ್ತದಲ್ಲಿ ಹುಟ್ಟಿದ ಒಂದು ಉಡಕ್ಕೆ ಮಾಂತ್ರಿಕ ಮನುಷ್ಯರೂಪ ಕೊಟ್ಟಿದ್ದ. ಹಿಡಿದರೆ ಬಿಡುವ ಜಾತಿಯಲ್ಲ. ಹಣೆಯ ಮೇಲೆ ದೊಡ್ಡ ಬೂದಿ ಬೊಟ್ಟು.

"ಅವಳು ಕೆಂಪುಮಣ್ಣು ತುಳಿಯಲಿ," ಎಂದು ಕಮಟಯ್ಯ ಅರಸನ ಕಿವಿಯಲ್ಲಿ ನಕ್ಕ. "ಕಾಲು ನೆಲಕ್ಕೆ ಹತ್ತುತ್ತದೆ. ಆಮೇಲೆ ನಮ್ಮವನು ಸೊಂಟ ಮುರಿಯುತ್ತಾನೆ."

ದಿನಕ್ಕೊಂದು ಆಜ್ಞೆ ಹೊರಡಿಸುವವನಿಗೆ ಹಳೆಯ ಆಜ್ಞೆ ಎಲ್ಲಿ ನೆನಪಿರುತ್ತದೆ!

ಹುಲಿಗೆವ್ವ ಕಣದ ಅಂಚಿನಲ್ಲಿ ನಿಂತಳು. ಕರಿಯ ಮಣ್ಣಿನ ನಡುವೆ ಕೆಂಪು ಮಣ್ಣು ಕಾಣಿಸಿತು. ಅಂದು ಅದು ಕಾಲು ಹಿಡಿದದ್ದು ನೆನಪಾಯಿತು. ಆದರೂ ಬಲಗಾಲು ಇಟ್ಟಳು. ಎತ್ತಿದಳು. ಕಾಲು ಬಂತು! ಎಡಗಾಲು ಇಟ್ಟು ಎತ್ತಿದಳು. ಅದೂ ಬಂತು! ಅವಳು ಕಣದ ನಡುವೆ ನಿಂತು ಗಹಗಹಿಸಿ ನಕ್ಕಳು.

"ಮರತುಬಿಡು ಅಂದಿದ್ರಲ್ಲ ಮಾರಾಜ್ರ? ಮರತೈತಿ ನೋಡ್ರಿ!" ಎಂದು ತೊಡೆ ತಟ್ಟಿದಳು.

ಕಮಟಯ್ಯನ ಮುಖ ಕಪ್ಪಿಟ್ಟಿತು. "ಹಿಡಿ ಅವಳನ್ನ!" ಎಂದು ಕಿರುಚಿದ. ಉಡದ ಜಟ್ಟಿ ಒಂದೇ ನೆಗೆತಕ್ಕೆ ಬಂದು ಅವಳ ಸೊಂಟಕ್ಕೆ ತೋಳು ಹಾಕಿದ. ಹುಲಿಗೆವ್ವ ತಿರುಗಿದಳು, ಬಿಡಲಿಲ್ಲ. ಬಗ್ಗಿದಳು, ಬಿಡಲಿಲ್ಲ. ಮೊಣಕೈಯಿಂದ ಒತ್ತಿದಳು, ಬಿಡಲಿಲ್ಲ. ಪಕ್ಕೆಲುಬು ಲಟಕ್ಕೆಂದಿತು. ಕಣ್ಣು ಮಂಜಾಯಿತು. ಅವಳನ್ನು ಹಿಂಡಿ ಮಂಡಿಯ ಮೇಲೆ ಕೂರಿಸಿದ.

ಆಗ ಕೆಂಪುಸೀಮೆಯವರ ಗುಂಪಿನಿಂದಲೇ ಒಂದು ಗದರಿಕೆ ಕೇಳಿತು.

"ಹಣಿಗೆ ಮಟ್ಟಿ ಹಚ್ಚದ ಎಂಥಾ ಕುಸ್ತಿಯಲೇ ಇದು? ನಾಚಿಗಿ ಇಲ್ಲೇನ್ ನಿಮಗ?"

ಉಸ್ತಾದ ಫಕೀರಪ್ಪ! ಕೈ ಮಿಲಾಯಿಸುವ ಮೊದಲು ಒಬ್ಬರ ಹಣೆಗೆ ಒಬ್ಬರು ಕಣದ ಮಣ್ಣು ಹಚ್ಚಬೇಕು. ಅದಿಲ್ಲದೆ ಅವನ ಗರಡಿಯಲ್ಲಿ ಎಳೆಮಕ್ಕಳೂ ಹಿಡಿತಕ್ಕೆ ಇಳಿಯುತ್ತಿರಲಿಲ್ಲ. ಜನ್ಮದಲ್ಲಿ ಕಣಕ್ಕಿಳಿಯದ ಕಮಟಯ್ಯನಿಗೆ ಈ ಪದ್ಧತಿ ಗೊತ್ತಿರಲಿಲ್ಲ.

ಹುಲಿಗೆವ್ವನ ಒಂದು ಕೈ ನೆಲಕ್ಕೆ ಮುಟ್ಟುತ್ತಿತ್ತು. "ತಪ್ಪಾತು ಉಸ್ತಾದ್ರ," ಎಂದು ಒಂದು ಹಿಡಿ ಮಣ್ಣು ಬಾಚಿ, ಉಡದ ಹಣೆಯ ಮೇಲೆ ಉದ್ದಕ್ಕೆ ತೀಡಿದಳು. ಬೂದಿ ಬೊಟ್ಟು ಅಳಿಸಿಹೋಯಿತು. ಕೆಂಪುಮಣ್ಣು ಉಡದ ಎರಡೂ ಕಾಲನ್ನು ಗಪ್ಪನೆ ಹಿಡಿಯಿತು. ಉಡ ಹೆದರಿ ಕೈ ಸಡಿಲಿಸಿತು, ಹುಲಿಗೆವ್ವ ಜಾರಿ ಹೊರಬಂದಳು.

"ಬೊಟ್ಟು! ಬೊಟ್ಟು!" ಎಂದು ಒದರುತ್ತ ಕಮಟಯ್ಯ ಬೂದಿಯ ಚೀಲ ಹಿಡಿದು ತಾನೇ ಕಣಕ್ಕೆ ಧುಮುಕಿದ. ಊರಿಗೆಲ್ಲ ಬೊಟ್ಟು ಇಟ್ಟವನು ತನ್ನ ಹಣೆಗೆ ಎಂದೂ ಇಟ್ಟುಕೊಂಡಿರಲಿಲ್ಲ. ಮಣ್ಣು ಅವನ ಕಾಲನ್ನೂ ಹಿಡಿಯಿತು.

ಹುಲಿಗೆವ್ವ ನಿಧಾನವಾಗಿ ಅವನ ಎದುರಿಗೆ ಬಂದಳು. ಬಗ್ಗಿ ಮಣ್ಣು ತೆಗೆದು ಅವನ ಹಣೆಗೆ ಹಚ್ಚಿದಳು.

"ಈಗ ಬಾ. ಕುಸ್ತಿ ಅಂದ್ರ ಹಿಂಗ ಸುರು ಆಗತೈತಿ."

ಎದೆಗೆ ಎದೆ ಕೊಟ್ಟು ಒಂದೇ ಒಂದು ದಬ್ಬು. ಕಮಟಯ್ಯ ಅಂಗಾತ ಬಿದ್ದ. ಬೆನ್ನು ಮಣ್ಣಿಗೆ ತಾಗಿದ್ದೇ ತಡ, ಅವನು ಹೀರಿದ್ದ ಬಲವೆಲ್ಲ ಹೊರಬಂದು ಯಾರ್ಯಾರದ್ದೋ ಅವರವರ ತೋಳಿಗೆ ಸೇರಿತು. ಬಿದ್ದ ಜಾಗದಲ್ಲಿ ಮುದುಡಿದ ಒಂದು ಅಣಬೆ ಮಾತ್ರ ಉಳಿಯಿತು. ಮಂದಿ ಮೂಗು ಮುಚ್ಚಿಕೊಂಡರು. ಜಟ್ಟಿ ಮತ್ತೆ ಉಡವಾಗಿ ಹುತ್ತ ಹುಡುಕುತ್ತ ಓಡಿಹೋಯಿತು.

ಗುಮ್ಮಟಭೂಪ ದಿಂಬು ಬಿಟ್ಟು ಎದ್ದ. ಒಂದು ಹಿಡಿ ಮಣ್ಣು ಹಿಡಿದು ಬೊಟ್ಟಿನ ಆಜ್ಞೆಯನ್ನು ಕಿತ್ತುಹಾಕಿದ. ಆಮೇಲೆ ಇನ್ನೊಂದು ಹಿಡಿ ತೆಗೆದುಕೊಂಡ.

"ಹುಲಿಗೆವ್ವಾ, ಮಣ್ಣಿಗೆ ನಿನ್ನ ಹೆಸರು ಮತ್ತೆ ಹೇಳುತ್ತೇನೆ. ಮನೆಗೆ ಬಾ."

ಅವಳ ಕಣ್ಣು ತುಂಬಿತು. ಅವಳು ಅದನ್ನು ಮುಚ್ಚಿಡಲಿಲ್ಲ. ಆದರೆ ತಲೆಯಾಡಿಸಿದಳು.

"ಆ ಮಣ್ಣು ಕೆಳಗ ಹಾಕ್ರಿ ಮಾರಾಜ್ರ. ನನ್ನ ಕಾಲು ಹಿಡದಾಗ ಕರೀಲಿಲ್ಲ, ಗೆದ್ದಾಗ ಕರೀತೀರಿ. ನಾ ಬೇಡಿದಾಗ ಕಣ ಕೊಟ್ಟಾಕಿ ಈ ರಾಣಿ. ನಿಮ್ಮೂರಿಗೆ ಬರ್ತೀನಿ, ಬಿಡಾಂಗಿಲ್ಲ. ಕುಸ್ತಿಗೆ ಬರ್ತೀನಿ. ಹುಡುಗ್ರನ್ನ ಚಲೋ ತಯಾರು ಮಾಡಿಡ್ರಿ ಉಸ್ತಾದ್ರ."

"ನಿನ್ನ ಕೆಡವೂ ಹಂಗ ತಯಾರು ಮಾಡ್ತೀನಿ," ಎಂದು ಫಕೀರಪ್ಪ ಅವಳ ಬೆನ್ನಿಗೆ ಫಟ್ಟೆಂದು ಹೊಡೆದ. ಮುದುಕನ ಕಣ್ಣಿನಲ್ಲೂ ನೀರಿತ್ತು.

ಅಂದಿನಿಂದ ಕೆಂಪುಸೀಮೆಯಲ್ಲಿ ಯಾರೂ ಕುಸ್ತಿಗಾಗಿ ಮಂಡಿಯೂರಲಿಲ್ಲ, ಎರೆಸೀಮೆಯ ಹೆಣ್ಣುಮಕ್ಕಳು ಗಂಡುಮಕ್ಕಳು ಗರಡಿ ತುಂಬಿದರು, ಎರಡೂ ದಡದವರು ಹೊಟ್ಟೆತುಂಬ ಉಂಡು ಜಗಳವಾಡದೆ ಬಾಳಿದರು. ಜಗಳವೇನಿದ್ದರೂ ಕಣದಲ್ಲಿ.

ಮುಂದಿನ ವರ್ಷ ಹುಲಿಗೆವ್ವ ತಾನು ಬೆಳೆದ ಗರಡಿಯ ಕಣಕ್ಕೇ ಇಳಿದಳು. ಉಸ್ತಾದನ ಹೊಸ ಶಿಷ್ಯೆಯ ಹಣೆಗೆ ಕೆಂಪುಮಣ್ಣು ಹಚ್ಚಿದಳು, ತನ್ನ ಹಣೆಗೂ ಹಚ್ಚಿಸಿಕೊಂಡಳು. ಹಲಗೆಯ ಯಮನೂರ ಕೋಲು ಎತ್ತಿದವನು ಹಾಗೆಯೇ ನಿಂತ.

"ಅವ್ವಾ," ಎಂದ ತಗ್ಗಿದ ದನಿಯಲ್ಲಿ, "ಏನಂತ ಕೂಗ್ಲಿ?"

"ಎರೆಸೀಮೆ ಹುಲಿಗೆವ್ವ ಅಂತ ಕೂಗೋ," ಎಂದಳು ಅವಳು. "ಮೊದಲಿನಕ್ಕಿಂತ ಜೋರಾಗಿ ಕೂಗು."