ಶಿಕ್ಕಾ ಕಂಡ ಗೇಟ್ ಪಾಸ್

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಪುಣೆಯ ಭೋಸರಿ ಠಾಣೆಗೆ ದೂರು ಬಂತು. ದೂರಿನ ಜೊತೆಗೇ ಆರೋಪಿಯೂ ಬಂದ. ತಗಡು ಒತ್ತುವ ಕಾರ್ಖಾನೆಯ ಮಾಲೀಕ ಪ್ರಲ್ಹಾದ ಸೇಠ್ ತನ್ನ ಗೇಟಿನ ವಾಚ್‌ಮನ್ ಗುರಣ್ಣನನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಒತ್ತಿ ಕೂರಿಸಿಕೊಂಡು ತಂದಿದ್ದ. ಪೊಲೀಸರ ಅರ್ಧ ಕೆಲಸ ತಾನೇ ಮುಗಿಸಿಕೊಟ್ಟೆ ಎಂಬ ಗತ್ತು ಅವನ ಮುಖದ ಮೇಲಿತ್ತು.

ಸಬ್ ಇನ್ಸ್‌ಪೆಕ್ಟರ್ ನೀಲಿಮಾ ಗಲಗಲಿ ದೂರು ಬರೆದುಕೊಂಡಳು. ಬುಧವಾರ ಮಧ್ಯಾಹ್ನ ಎರಡು ಡೈಗಳು, ಅಂದರೆ ತಗಡನ್ನು ಒತ್ತಿ ಬಿಡಿಭಾಗ ಮಾಡುವ ಉಕ್ಕಿನ ಅಚ್ಚುಗಳು, ದುರಸ್ತಿಯ ಹೆಸರಿನಲ್ಲಿ ಟೆಂಪೊ ಏರಿ ಗೇಟು ದಾಟಿದ್ದವು. ದುರಸ್ತಿಗೆ ಕಳಿಸಿದವರು ಮಾತ್ರ ಯಾರೂ ಇಲ್ಲ. ಅಚ್ಚಿಲ್ಲದೆ ಪ್ರೆಸ್ ನಿಂತಿದೆ. ಶುಕ್ರವಾರ ದೊಡ್ಡ ಗಿರಾಕಿಯ ತಪಾಸಣೆ ಇದೆ. ಗೇಟಿನ ಕ್ಯಾಮೆರಾ ಕೆಟ್ಟು ತಿಂಗಳಾಗಿದೆ. ಅದನ್ನು ಸರಿಮಾಡಿಸಲು ಸೇಠ್‌ಗೆ ಪುರುಸೊತ್ತಿರಲಿಲ್ಲ. ವಾಚ್‌ಮನ್‌ನ ಕೊರಳಪಟ್ಟಿ ಹಿಡಿಯಲು ಪುರುಸೊತ್ತಿತ್ತು.

"ಎಫ್‌ಐಆರ್‌ನಲ್ಲಿ ಇವನ ಹೆಸರು ಹಾಕಿ ಮೇಡಂ," ಎಂದ ಸೇಠ್ ಮರಾಠಿಯಲ್ಲಿ. "ಪಾಸಿನ ಮೇಲೆ ಕಂಪನಿಯ ಶಿಕ್ಕಾ, ಅಂದರೆ ಮೊಹರು, ಇತ್ತು, ಅದಕ್ಕೇ ಗಾಡಿ ಬಿಟ್ಟೆ ಅನ್ನುತ್ತಾನೆ. ಹಸಿ ಸುಳ್ಳು. ಸೋಮವಾರದಿಂದ ಯಾವ ಪಾಸಿನ ಮೇಲೂ ಶಿಕ್ಕಾ ಕಾಣುತ್ತಿಲ್ಲ."

"ಕಾಣುತ್ತಿಲ್ಲ ಅಂದರೆ?"

"ಗೇಟ್ ಪಾಸು ಮೇಲ್‌ನಲ್ಲಿ ಹೋಗುತ್ತದೆ. ಕೆಳಗೆ ದುಂಡು ಶಿಕ್ಕಾ. ಸೋಮವಾರ ಮೇಲ್‌ನ ಸಾಫ್ಟ್‌ವೇರ್ ಹೊಸದಾಯಿತು. ಅಂದಿನಿಂದ ಶಿಕ್ಕಾದ ಜಾಗದಲ್ಲಿ ಖಾಲಿ ಚೌಕ. ಪರವಾಗಿಲ್ಲ, ಗಾಡಿ ಬಿಡು ಅಂತ ನಾನೇ ಗೇಟಿಗೆ ಹೇಳಿದ್ದೆ."

ನೀಲಿಮಾ ಎಫ್‌ಐಆರ್‌ನಲ್ಲಿ 'ಅಪರಿಚಿತರು' ಎಂದು ಬರೆದಳು. ಸೇಠ್ ಮುಖ ಗಂಟಿಕ್ಕಿದ.

"ಹೆಸರು ತನಿಖೆ ಆದಮೇಲೆ," ಎಂದಳು.

ಹೊರಗೆ ಮೆಟ್ಟಿಲ ಮೇಲೆ ಗುರಣ್ಣನ ಹೆಂಡತಿ ಚಂದಮ್ಮ ಗಂಟುಮೂಟೆ ಇಟ್ಟುಕೊಂಡು ಕೂತಿದ್ದಳು. ಗೇಟಿನ ಪಕ್ಕದ ಖೋಲಿ ಖಾಲಿ ಮಾಡು ಎಂದು ಬೆಳಗಾಗುತ್ತಲೇ ಹೇಳಿಬಿಟ್ಟಿದ್ದರು. ಹೊರಗೆ ಬಂದ ನೀಲಿಮಾ ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಎದ್ದು ನಿಂತಳು.

"ಬಾಯಾರ, ಖೋಲಿ ಹೋದ್ರ ಹೋಗ್ಲಿ. ಇವನ ಹೆಸರು ಕೇಸಿನ್ಯಾಗ ಬರಬಾರ್ದ್ರಿ. ವಾಚ್‌ಮನ್ ಕೆಲಸಕ್ಕ ಎಲ್ಲಿ ಹೋದ್ರೂ ಪೊಲೀಸ್ ವೆರಿಫಿಕೇಶನ್ ಕೇಳ್ತಾರ. ಒಮ್ಮೆ ಕಳ್ಳ ಅಂತ ಬಿತ್ತಂದ್ರ ಪುಣೆದಾಗ ಯಾ ಗೇಟಿಗೂ ನಿಲ್ಲಸೂದಿಲ್ಲ."

ನೀಲಿಮಾ ಯಾವ ಭರವಸೆಯನ್ನೂ ಕೊಡಲಿಲ್ಲ. ಒಳಗೆ ಹೋಗಿ ಗುರಣ್ಣನ ಎದುರು ಕುರ್ಚಿ ಎಳೆದುಕೊಂಡಳು.

"ಶಿಕ್ಕಾ ಖರೇನ ಇತ್ತೇನು?"

"ಇತ್ರಿ. ದುಂಡಗ, ನೀಲಿ ಬಣ್ಣದ್ದು."

"ಉಳಿದ ಪಾಸಿನ ಮ್ಯಾಲ?"

"ಇರಲಿಲ್ರಿ. ಎಲ್ಲಾ ಖಾಲಿ ಡಬ್ಬಿ."

"ಮತ್ತ ಇದೊಂದಕ್ಕ ಹ್ಯಾಂಗ ಬಂತು ಅಂತ ಸಂಶಯ ಬರಲಿಲ್ಲ?"

ಗುರಣ್ಣ ಟೋಪಿಯನ್ನು ಕೈಯಲ್ಲೇ ತಿರುಗಿಸಿದ. "ಖಾಲಿ ಡಬ್ಬಿ ನೋಡಿ ಗಾಡಿ ಬಿಡೂದಂದ್ರ ಜೀವ ಪುಕುಪುಕು ಅಂತಿತ್ರಿ. ಇದರಾಗ ಶಿಕ್ಕಾ ಕಂಡ ಕೂಡಲೆ, ಸದ್ಯ, ರಿಪೇರಿ ಆತು ಅಂದ್ಕೊಂಡೆ. ಖುಷಿಲೆ ಗೇಟ್ ತಗದೆ."

ಹವಾಲ್ದಾರ್ ಮಾರ್ತಾಂಡನಿಗೆ ಕನ್ನಡ ಬಾರದು. "ಏನಂತಾನೆ?" ಎಂದು ಮರಾಠಿಯಲ್ಲಿ ಕೇಳಿದ.

"ನಿಜ ಹೇಳ್ತಿದ್ದಾನೆ," ಎಂದಳು ನೀಲಿಮಾ. "ಸುಳ್ಳು ಹೇಳುವವನಾಗಿದ್ದರೆ ಖಾಲಿ ಚೌಕ ಇತ್ತು ಅಂದುಬಿಡುತ್ತಿದ್ದ. ಸೇಠ್‌ನ ಅಪ್ಪಣೆಯೇ ಇತ್ತಲ್ಲ, ಯಾರೂ ಬೆರಳು ತೋರಿಸುತ್ತಿರಲಿಲ್ಲ. ಗಾಡಿ ತೆಗಿ."

ಮಧ್ಯಾಹ್ನ ಕಾರ್ಖಾನೆಯ ಗೇಟಿನಲ್ಲಿ ಪಂಚನಾಮೆ ಆಯಿತು. ಎದುರಿನ ಚಹಾದಂಗಡಿಯವನೂ ಪಕ್ಕದ ಕಾರ್ಖಾನೆಯ ಫೋರ್‌ಮನ್ನೂ ಪಂಚರಾಗಿ ನಿಂತರು. ಮಾರ್ತಾಂಡ ಗೇಟಿನ ಕಂಪ್ಯೂಟರಿನಲ್ಲಿ ಬುಧವಾರದ ಪಾಸುಗಳನ್ನು ಒಂದೊಂದಾಗಿ ತೆರೆದ. ಖಾಲಿ ಚೌಕ. ಖಾಲಿ ಚೌಕ. ಮತ್ತೆ ಖಾಲಿ ಚೌಕ. ಆಮೇಲೆ ಡೈಗಳ ಪಾಸು ತೆರೆಯಿತು. ಕೆಳಗೆ ನೀಲಿ ಶಿಕ್ಕಾ ದುಂಡಗೆ ಕೂತಿತ್ತು.

ಸೇಠ್ ಪರದೆಯತ್ತ ಬಗ್ಗಿ ನೋಡಿದ.

"ಇವನನ್ನು ಠಾಣೆಗೆ ಎಳೆದು ತರುವ ಮುಂಚೆ ಇದನ್ನು ತೆರೆದು ನೋಡಿದ್ದಿರಾ?" ಎಂದಳು ನೀಲಿಮಾ.

"ನೋಡೋದೇನಿತ್ತು ಮೇಡಂ, ವಾಚ್‌ಮನ್ ಮಾತು..."

ನೀಲಿಮಾ ಪಾಸುಗಳನ್ನು ಸೈಬರ್ ವಿಭಾಗದ ಪೂರ್ವಾಗೆ ಕಳಿಸಿ ಫೋನ್ ಹಚ್ಚಿದಳು.

"ನಿಮ್ಮ ಸೇಠ್‌ನ ಶಿಕ್ಕಾ ಎಸ್‌ವಿಜಿ ಅನ್ನೋ ಜಾತಿಯ ಚಿತ್ರ," ಎಂದಳು ಪೂರ್ವಾ. "ಅದರ ಹೊಟ್ಟೆಯೊಳಗೆ ಕಂಪ್ಯೂಟರಿಗೆ ಆಜ್ಞೆ ಕೊಡುವ ಬರಹ ಅಡಗಿಸಬಹುದು. ವಂಚಕರು ಅದರಲ್ಲೇ ಬಲೆ ಕಟ್ಟಿ ಕಳಿಸ್ತಾ ಇದ್ದರು. ಅದಕ್ಕೇ ಸುರಕ್ಷತೆ ಅಂತ ಮೇಲ್ ಸಾಫ್ಟ್‌ವೇರಿನವರು ಆ ಜಾತಿಯನ್ನು ತೋರಿಸೋದನ್ನೇ ನಿಲ್ಲಿಸಿದ್ದಾರೆ. ಈ ಪಾಸಿನಲ್ಲಿರೋದು ಮಾಮೂಲಿ ಫೋಟೊ. ಹಳೆಯ ಪಾಸಿನಿಂದ ಕತ್ತರಿಸಿ ಅಂಟಿಸಿದ್ದು. ಮೇಲ್ ಮಾತ್ರ ಸರಕು ಕಳಿಸುವ ಡಿಸ್ಪ್ಯಾಚ್ ವಿಭಾಗದ ಸ್ವಂತ ವಿಳಾಸದಿಂದಲೇ ಬಂದಿದೆ."

ನೀಲಿಮಾ ಗೇಟಿನ ಕಟ್ಟೆಯ ಮೇಲೆ ಕೂತು ಯೋಚಿಸಿದಳು. ಈಗ ಒಳಗೆ ಕೆಲಸ ಮಾಡುವ ಯಾರಿಗೇ ಆದರೂ ಶಿಕ್ಕಾ ಕಾಣುವುದಿಲ್ಲವೆಂದು ಗೊತ್ತು. ಅವರು ಖೊಟ್ಟಿ ಪಾಸು ಮಾಡಿದ್ದರೆ ಖಾಲಿ ಚೌಕ ಬಿಡುತ್ತಿದ್ದರು. ಶಿಕ್ಕಾ ಅಂಟಿಸಿದವನಿಗೆ ಸೋಮವಾರದ ಸುದ್ದಿಯೇ ತಲುಪಿಲ್ಲ. ಆದರೂ ಅವನಿಗೆ ಪಾಸ್‌ವರ್ಡ್ ಗೊತ್ತು.

"ಸೋಮವಾರಕ್ಕೆ ಮುಂಚೆ ಡಿಸ್ಪ್ಯಾಚ್‌ನಲ್ಲಿ ಯಾರು ಕೆಲಸ ಬಿಟ್ಟರು?"

ಸೇಠ್ ಬೂಟಿನ ತುದಿ ನೋಡಿಕೊಂಡ. "ಮಧುಕರ್ ಅಂತ. ಗುಮಾಸ್ತ."

"ತಾನೇ ಬಿಟ್ಟನೋ, ನೀವು ಬಿಡಿಸಿದಿರೋ?"

"ಪಾಸು ಕಳಿಸೋಕೆ ಹೊಸ ವ್ಯವಸ್ಥೆ ಬಂತು. ಮನುಷ್ಯ ಬೇಡವಾಯಿತು."

"ಪಾಸ್‌ವರ್ಡ್ ಬದಲಿಸಿದಿರಾ?"

ಅದು ಯಾರಿಗೂ ನೆನಪಾಗಿರಲಿಲ್ಲ. ಮಾರ್ತಾಂಡ ಅಷ್ಟರಲ್ಲಿ ಪಾಸಿನಲ್ಲಿದ್ದ ಟೆಂಪೊ ನಂಬರನ್ನು ಹುಡುಕಿಸಿದ್ದ. ಅದು ಧನಕವಡಿಯ ಒಂದು ಸ್ಕೂಟಿಯ ನಂಬರು.

"ಮೇಡಂ, ಸ್ಕೂಟಿಯ ಮೇಲೆ ಎರಡು ಡೈ ಹೊತ್ತವನನ್ನು ಹಿಡಿಯೋ ಬದಲು ಕುಸ್ತಿಯ ಕಣಕ್ಕೆ ಕಳಿಸಬೇಕು," ಎಂದ.

ಮಧುಕರ್‌ನ ಮನೆಯೂ ಧನಕವಡಿಯಲ್ಲೇ. ಸಂಜೆ ಐದಕ್ಕೆ ಬಾಗಿಲು ತಟ್ಟಿದಾಗ ಅವನೇ ತೆರೆದ. ಬೆಳಗಾವಿ ಕಡೆಯಿಂದ ಬಂದ ಮನೆತನ, ನಲವತ್ತರ ಆಸುಪಾಸಿನ ಮನುಷ್ಯ. ನೀಲಿಮಾಳ ಎದೆಯ ಮೇಲಿನ ಹೆಸರು ಓದಿ ಕನ್ನಡಕ್ಕೆ ಹೊರಳಿದ.

"ಹಿತ್ತಲದಾಗ ಅದಾವ್ರಿ," ಎಂದ, ಕೇಳುವ ಮುಂಚೆಯೇ.

ತಾಡಪತ್ರಿ ಸರಿಸಿದರೆ ಎರಡೂ ಡೈಗಳು ಇದ್ದವು. ತುಕ್ಕು ಹಿಡಿಯಬಾರದೆಂದು ಗ್ರೀಸ್ ಬಳಿದು, ಕೆಳಗೆ ಹಲಗೆ ಹಾಸಿ ಇಟ್ಟಿದ್ದ.

"ಮಾರಾಂವಿದ್ದಿ ಏನು?"

"ಇಲ್ರಿ. ಬಾಡಗಿ ಟೆಂಪೊ ಕಳಿಸಿ ತರಿಸಿದೆ, ಶುಕ್ರವಾರ ದಾಟಿದ ಮ್ಯಾಲೆ ಗೇಟಿನ ಮುಂದ ಇಳಿಸಿ ಹೋಗಾಂವಿದ್ದೆ. ಗಿರಾಕಿ ಮುಂದ ಒಂದು ದಿನ ಸೇಠ್‌ನ ಪ್ರೆಸ್ ನಿಲ್ಲಬೇಕಿತ್ತು. ಒಂಬತ್ತು ವರ್ಷ ದುಡದವಗ ಫೋನಿನ್ಯಾಗ ಹೇಳಿದ, ನಾಳೆಯಿಂದ ಬರಬ್ಯಾಡ ಅಂತ. ಯಾಕ್ರಿ ಸೇಠ್ ಅನ್ನೂದರಾಗ ಕಟ್ ಮಾಡಿದ."

"ಶಿಕ್ಕಾ ಯಾಕ ಅಂಟಿಸಿದಿ? ಬರೇ ಪಾಸು ಸಾಕಿತ್ತಲ್ಲ."

"ಗೇಟಿನ್ಯಾಗ ಗುರಣ್ಣ ಇರ್ತಾನ್ರಿ. ನಾಳೆ ಯಾರರೆ ಕೇಳಿದ್ರ, ಶಿಕ್ಕಾ ನೋಡೇ ಬಿಟ್ಟೇನಿ ಅನ್ನಾಕ ಅವಗ ಆಧಾರ ಇರಲಿ ಅಂತ ಹಚ್ಚಿದೆ."

"ಅದ ಶಿಕ್ಕಾದ ಸಲುವಾಗಿ ಅವನ್ನ ಮುಂಜಾನಿಂದ ಠಾಣೆದಾಗ ಕುಂಡ್ರಿಸ್ಯಾರ."

ಮಧುಕರ್ ತಾನೇ ಹೋಗಿ ಚಪ್ಪಲಿ ಮೆಟ್ಟಿಕೊಂಡ. "ಲಗೂ ನಡೀರಿ," ಎಂದ.

ಠಾಣೆಯಲ್ಲಿ ಅರೆಸ್ಟ್ ಮೆಮೊಗೆ ಸಹಿ ಬಿತ್ತು. ಕೇಸ್ ಡೈರಿಯಲ್ಲಿ ಅಪರಾಧದ ಕಾರಣ ಬರೆಯುವಲ್ಲಿ ನೀಲಿಮಾ 'ದುರಾಸೆ' ಎಂದು ಬರೆಯಲಿಲ್ಲ. ವಸ್ತು ಮಾರುವ ಉದ್ದೇಶವಿರಲಿಲ್ಲ, ಕೆಲಸದಿಂದ ತೆಗೆದ ರೀತಿಗೆ ಸಿಟ್ಟು, ಎಂದು ಬರೆದಳು. ಮಧುಕರ್ ಮಾಡಿದ್ದು ತಪ್ಪೇ. ಆದರೆ ಕೋರ್ಟಿಗೆ ಆ ಸಿಟ್ಟೂ ಗೊತ್ತಿರಲಿ ಎನಿಸಿತು. ಗುರಣ್ಣನ ಹೇಳಿಕೆಯನ್ನು ಮೊದಲನೇ ಸಾಕ್ಷಿಯದೆಂದು ದಾಖಲಿಸಿ, ಹೊರಗೆ ಬಂದು ಚಂದಮ್ಮನಿಗೆ ಹೇಳಿದಳು: "ನಿನ್ನ ಗಂಡ ಸಾಕ್ಷಿ. ವೆರಿಫಿಕೇಶನ್‌ಗೆ ಯಾರರೆ ತಕರಾರು ತಗದ್ರ ನನ್ನ ಹತ್ರ ಕಳಸು."

ಡೈಗಳು ಹಾಳಾಗದೆ ಸಿಕ್ಕಿದ್ದಕ್ಕೆ ಸೇಠ್‌ನ ದನಿ ಮೆತ್ತಗಾಗಿತ್ತು. "ನಾಳೆಯಿಂದ ಬಂದುಬಿಡು ಗುರಣ್ಣ. ಖೋಲಿಯೂ ನಿಂದೇ."

"ಬರ್ತೀನ್ರಿ. ಖಾಲಿ ಡಬ್ಬಿ ಪಾಸಿಗೆ ಗೇಟ್ ತಗಿಯೂದಿಲ್ಲ. ನೀವ ಇಳದು ಬಂದು ಸಹಿ ಹಾಕ್ಬೇಕು," ಎಂದ ಗುರಣ್ಣ. ಸೇಠ್‌ಗೆ ತಿಳಿಯಲೆಂದು ಅದನ್ನೇ ಮರಾಠಿಯಲ್ಲೂ ಹೇಳಿದ. ಸೇಠ್ ತಲೆಯಾಡಿಸಿದ.

ಮಧುಕರ್‌ನನ್ನು ಪಡಸಾಲೆಯಲ್ಲಿ ಲಾಕಪ್ಪಿನ ಕಡೆಗೆ ಕರೆದೊಯ್ಯುತ್ತಿದ್ದರು. ಗುರಣ್ಣ ಎದುರಿಗೆ ಬಂದು ನಿಂತ. ನೀಲಿಮಾ ಕೈಸನ್ನೆಯಲ್ಲಿ ಪೇದೆಯನ್ನು ತಡೆದಳು.

"ಗಾಡಿ ಒಯ್ಯಾಂವಿದ್ರ ನನಗೊಂದು ಮಾತು ಕೇಳಬಾರದೇನಪಾ?"

"ಕೇಳಿದ್ರ ಬಿಡ್ತಿದ್ದೇನು?" ಎಂದ ಮಧುಕರ್, ತಲೆ ಎತ್ತದೆ.

"ಬಿಡ್ತಿರಲಿಲ್ಲ," ಎಂದ ಗುರಣ್ಣ. "ನೀನೂ ಇಲ್ಲಿ ಬರ್ತಿರಲಿಲ್ಲ."